ಎರಡು ಬೆರಳು ಕಡಿಮೆ

ಜನವರಿ ೯, ಸೋಮವಾರ

ಡಾಕ್ಟರಮ್ಮ ಹೇಳಿದರೆಂದು ಬರೆಯುತ್ತಿದ್ದೇನೆ. ತಲೆಯೊಳಗೆ ಓಡುವುದನ್ನೆಲ್ಲ ಬೆಳಿಗ್ಗೆ ಎದ್ದು ಕಾಗದಕ್ಕಿಳಿಸಿದರೆ ಎದೆ ಡವಗುಟ್ಟುವುದು ನಿಲ್ಲುತ್ತದಂತೆ. ಮಾತ್ರೆ ಕೊಡಿ ಎಂದು ಹೋದವಳಿಗೆ ಹೋಂವರ್ಕ್ ಕೊಟ್ಟು ಕಳಿಸಿದರು. ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟಾಗ, ಇನ್ನು ಜನ್ಮದಲ್ಲಿ ಹೋಂವರ್ಕ್ ಇಲ್ಲ ಎಂಬುದೊಂದೇ ಸಮಾಧಾನವಿತ್ತು. ಅದೂ ಹೋಯಿತು.

ಇಷ್ಟು ಬರೆದು, ಎದ್ದು ಹೋಗಿ ಗ್ಯಾಸ್ ಒಲೆ ನೋಡಿ ಬಂದೆ. ಆಫ್ ಇತ್ತು. ಯಾವಾಗಲೂ ಆಫ್ ಇರುತ್ತದೆ. ಭಯವಿರುವುದೇ ಅಲ್ಲಿ. ಇಷ್ಟು ವರ್ಷ ಆಫ್ ಇದ್ದದ್ದು ಒಂದು ದಿನವಾದರೂ ಆನ್ ಇರಬೇಕಲ್ಲ.

ಈಗ ನಿಜವಾದ ಚಿಂತೆ. ನಮ್ಮದು ಥಾಯ್ ಹೋಟೆಲು. ಈ ಉತ್ತರದ ಚಳಿ ಊರಿನಲ್ಲಿ, ಬೀಗದಂಗಡಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡಿದೆ. ಸಂಜೆಯಾದರೆ ಸುತ್ತಲಿನ ನಾಲ್ಕು ಬೀದಿಯ ಜನ ಬಾಗಿಲ ಹೊರಗೆ ಹಿಮದಲ್ಲಿ ಕಾಲು ಬದಲಿಸುತ್ತ ಕಾಯುತ್ತಾರೆ. ಯಜಮಾನಿ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಇಡೀ ಹೋಟೆಲಿನಲ್ಲಿ ಥಾಯ್ ಎನ್ನಬಹುದಾದವಳು ಅಡುಗೆಯವಳೊಬ್ಬಳೇ. ಮಿಕ್ಕ ನಾವೆಲ್ಲ ಆ ಬೋರ್ಡಿನ ನೆರಳಲ್ಲಿ ಹೊಟ್ಟೆ ಹೊರೆಯುವವರು. ಗೋಡೆಯ ಮೇಲಿನ ಬಂಗಾರದ ಆನೆ ಕೂಡ ಸೋಫಾ ಅಂಗಡಿಯಿಂದ ಬಂದದ್ದು.

ನನ್ನ ಕೆಲಸ ಗಿರಾಕಿಗಳಿಗೆ ಏನು ಬೇಕೆಂದು ಕೇಳಿಕೊಳ್ಳುವುದು. ಕೊನೆಗೆ, "ಮೆಣಸಿನಕಾಯಿ ಎಷ್ಟು? ಒಂದರಿಂದ ಐದು," ಎಂದು ಕೇಳುವುದು. ಆಮೇಲೆ ಅಡುಗೆಮನೆಯ ಕಿಂಡಿಯ ಮುಂದೆ ನಿಂತು ತಿನಿಸಿಗೂ ಮೇಜಿಗೂ ಖಾರಕ್ಕೂ ಬೆರಳು ತೋರಿಸುವುದು. ಒಳಗೆ ಹೊಗೆ ಎಳೆಯುವ ಫ್ಯಾನು ಹಾಗೆ ಅಬ್ಬರಿಸುವಾಗ ಬಾಯಿಮಾತು ಯಾರಿಗೂ ಕೇಳುವುದಿಲ್ಲ.

ಯಾರಿಗೂ ಹೇಳದ ವಿಷಯವೆಂದರೆ, ನಾನು ಎರಡು ಬೆರಳು ಕಡಿಮೆ ತೋರಿಸುತ್ತೇನೆ. ಐದು ಎಂದವರಿಗೆ ಮೂರು, ಮೂರು ಎಂದವರಿಗೆ ಒಂದು. ಒಂದೋ ಎರಡೋ ಎಂದವರ ತಂಟೆಗೆ ಹೋಗುವುದಿಲ್ಲ, ಅವರು ತಮ್ಮನ್ನು ತಾವು ಬಲ್ಲವರು. ಆದರೆ ಐದು ಎನ್ನುವವರ ಶೌರ್ಯವೆಲ್ಲ ಬಾಯಲ್ಲಿ, ಕರುಳು ಬೇರೆ ಜಾಗದಲ್ಲಿ. ಯಾರಿಗೆ ಹೃದಯದ ಕಾಯಿಲೆಯೋ, ಯಾರಿಗೆ ಹುಣ್ಣೋ, ಮೇಜಿನ ಮೇಲೆ ತಲೆಯಿಟ್ಟು ಸತ್ತರೆ ಯಾರು ಉತ್ತರ ಹೇಳುವುದು? ಬೆರಳು ತೋರಿಸಿದವಳೇ.

ನಿನ್ನೆ ಓರಗಿತ್ತಿ ಹೇಳಿದಳು, "ಮೇಜಿಗೊಂದು ಟ್ಯಾಬ್ ಬರ್ತಿದೆ ಕಣೆ. ಅವರೇ ಒತ್ಕೋತಾರೆ, ಸೀದಾ ಅಡುಗೆಮನೆ ಪರದೆಗೆ ಹೋಗತ್ತೆ. ಫೆಬ್ರವರಿ ಮುಗಿಯೋ ತನಕ ನೋಡೋಣ. ಸರಿಹೋದ್ರೆ ನೀನೂ ಮನೇಲಿ ಆರಾಮಾಗಿರಬಹುದು."

ಹಳೆಯ ಫ್ರಿಜ್ಜನ್ನೂ ಅವಳು, "ಪಾಪ, ದಣಿದಿದೆ," ಎಂದೇ ಬೀದಿಗಿಟ್ಟಿದ್ದಳು.

ಜನವರಿ ೧೨, ಗುರುವಾರ

ನಮ್ಮವರು ಲಾರಿಯಿಂದ ಇಳಿದು ಬಂದರು. ವಿಷಯ ಹೇಳಿದೆ. "ಒಳ್ಳೇದಾಯ್ತು ಬಿಡು," ಎಂದರು. ಮನೆಯಲ್ಲಿ ಕುಳಿತು ಏನು ಮಾಡಲಿ ಎಂದರೆ, "ಚಿಂತೆ ಮಾಡು. ಅಲ್ಲಾದ್ರೆ ಮಧ್ಯೆ ಮಧ್ಯೆ ಊಟ ಕೊಡೋಕೆ ಏಳಬೇಕಿತ್ತು. ಮನೇಲಿ ಆ ತೊಂದರೆ ಇಲ್ಲ."

ಈ ಮಾತಿಗೆ ಅವರೇ ನಕ್ಕು, ನಗುತ್ತಲೇ ನಿದ್ದೆ ಹೋದರು. ಕೆಲವರಿಗೆ ಎಂಥ ಭಾಗ್ಯ.

ನಲವತ್ತೆಂಟಕ್ಕೆ ಇನ್ನೆಲ್ಲಿ ಕೆಲಸ ಸಿಗುತ್ತದೆ? ಏನು ಬಲ್ಲೆ ಎಂದು ಕೇಳಿದರೆ ಏನು ಹೇಳಲಿ? ಐದರವರೆಗೆ ಬೆರಳು ತೋರಿಸಬಲ್ಲೆ, ಅದೂ ತಪ್ಪು ತಪ್ಪಾಗಿ.

ಜನವರಿ ೧೪, ಶನಿವಾರ

ನಾಲಿಗೆ ಮೇಷ್ಟ್ರು ಬಂದಿದ್ದರು. ಇದು ನಾನಿಟ್ಟ ಹೆಸರು. ಎಂದೋ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಒಮ್ಮೆ ಎರಡು ವಾರ ಅಡುಗೆಯವಳ ದೇಶಕ್ಕೆ ಪ್ರವಾಸ ಹೋಗಿದ್ದರು. ದೇಹ ವಾಪಸ್ ಬಂದರೂ ನಾಲಿಗೆ ಇನ್ನೂ ಅಲ್ಲೇ ಇದೆ ಎಂಬಂತೆ ಮಾತಾಡುತ್ತಾರೆ. ಅವರು ಚೆನ್ನಾಗಿದೆ ಎಂದರೆ ಬೀದಿ ಚೆನ್ನಾಗಿದೆ ಎನ್ನುತ್ತದೆ. ಹೀಗಾಗಿ ಓರಗಿತ್ತಿಗೆ ಅವರೆಂದರೆ ಗಂಡನಿಗಿಂತ ಒಂದು ಕೈ ಹೆಚ್ಚು.

"ಐದು," ಎಂದರು, ಪಕ್ಕದ ಮೇಜಿಗೂ ಕೇಳುವಂತೆ. "ಐದಕ್ಕಿಂತ ಕಡಿಮೆ ತಿಂದರೆ ಆ ದೇಶಕ್ಕೇ ಅವಮಾನ."

ನಾನು ಹೋಗಿ ಮೂರು ತೋರಿಸಿದೆ. ಅಡುಗೆಯವಳು ನನ್ನನ್ನೊಮ್ಮೆ ನೋಡಿ, ಒಂದು ಹುಬ್ಬೆತ್ತಿ, ಒಲೆಗೆ ತಿರುಗಿದಳು. ಅವಳಿಗೆ ನನ್ನನ್ನು ಕಂಡರಾಗುವುದಿಲ್ಲ. ಇಷ್ಟು ವರ್ಷದಲ್ಲಿ ಆ ಹುಬ್ಬು ಇಳಿದದ್ದನ್ನು ನಾನು ನೋಡಿಲ್ಲ.

ಮೇಷ್ಟ್ರು ತೆಂಗಿನ ಹಾಲಿನ ಹಸಿರು ಸಾರನ್ನು ಅನ್ನಕ್ಕೆ ಕಲಸಿ ಉಂಡರು, ಹಣೆ ಒರೆಸಿಕೊಂಡರು, ಕಣ್ಣು ಮುಚ್ಚಿದರು. "ಇದು ಅಸಲಿ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಆಸ್ಪತ್ರೇಲಿರ್ತಿದ್ರು." ಪಕ್ಕದ ಮೇಜಿನವರು ಅವರನ್ನು ಯುದ್ಧದಿಂದ ಬಂದವರಂತೆ ನೋಡಿದರು.

ಜನವರಿ ೧೭, ಮಂಗಳವಾರ

ಟ್ಯಾಬ್‌ಗಳು ಬಂದವು. ಐದು ಕೆಂಪು ಮೆಣಸಿನಕಾಯಿಯ ಚಿತ್ರ, ಒತ್ತಿದರೆ ಟಿಣ್ ಎನ್ನುತ್ತದೆ. ಮಾರಲು ಬಂದವನು ನನಗೂ ಒಂದು ಕೊಟ್ಟು, "ಮಗು ಕೂಡ ಕಲೀಬಹುದು ಮೇಡಂ," ಎಂದ. ಒತ್ತಿದೆ, ಒತ್ತಿತೋ ಇಲ್ಲವೋ ಎಂದು ಮತ್ತೆ ಮತ್ತೆ ಒತ್ತಿದೆ. ಹತ್ತು ತಟ್ಟೆ ಶ್ಯಾವಿಗೆ ಬಂತು.

ನನ್ನನ್ನು ಹಿಂದಿನ ಕೋಣೆಗೆ ಹಾಕಿದ್ದಾರೆ. ಬೆಳ್ಳುಳ್ಳಿ ಸುಲಿಯಲು. "ಸದ್ಯಕ್ಕೆ," ಎಂದಳು ಓರಗಿತ್ತಿ.

ಜನವರಿ ೨೧, ಶನಿವಾರ

ಏನೆಂದು ಬರೆಯಲಿ! ನಿನ್ನೆ ಟ್ಯಾಬ್ ಚಾಲೂ ಮಾಡಿದರು. ಹೋಟೆಲು ತುಂಬಿತ್ತು. ಎಲ್ಲ ಮೇಜಿನಿಂದ ಟಿಣ್ ಟಿಣ್, ನಾಲ್ಕು, ಐದು, ಐದು, ನಾಲ್ಕು. ಯಂತ್ರದ ಮುಂದೆ ಮನುಷ್ಯ ಇನ್ನೂ ಶೂರನಾಗುತ್ತಾನೆ.

ಸ್ವಲ್ಪ ಹೊತ್ತಿನಲ್ಲಿ ಹಾಲಿನಲ್ಲಿ ಮಾತು ನಿಂತಿತು. ನಾನು ಬಾಗಿಲ ಸಂದಿಯಿಂದ ಇಣುಕಿದೆ. ಸದಾ ನಾಲ್ಕು ಹೇಳುವ, ಪಕ್ಕದ ಬೀದಿಯ ಬ್ಯಾಂಕಿನವರ ಮೇಜಿನಲ್ಲಿ ನಾಲ್ವರೂ ಸತ್ತವರಿಗೆ ಮೌನ ಆಚರಿಸುವವರಂತೆ ತಲೆ ತಗ್ಗಿಸಿ ಕುಳಿತಿದ್ದರು. ಒಬ್ಬಾಕೆ ಹೊರಗೆ ಹೋಗಿ ಹಿಮವನ್ನು ಬಾಯಿಗೆ ಹಾಕಿಕೊಂಡಳು. ಹೂಜಿ ಹೂಜಿ ನೀರು ಖಾಲಿ. ಮೇಷ್ಟ್ರ ಮುಖ ಬೀಟ್‌ರೂಟಿನಂತಾಗಿತ್ತು. ಕಣ್ಣಿಂದಲೂ ಮೂಗಿನಿಂದಲೂ ಧಾರೆ. ಆದರೂ ಹೆಬ್ಬೆರಳೆತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಯಾರೊಬ್ಬರೂ ಖಾರ ಎನ್ನಲಿಲ್ಲ. ಹೇಗೆ ಅಂದಾರು? ಅವರೇ ಒತ್ತಿದ್ದು.

ನಾನು ಹಿಂದಿನ ಕೋಣೆಯಲ್ಲಿ ಆಂಬುಲೆನ್ಸ್ ನಂಬರನ್ನು ಬಾಯಿಪಾಠ ಮಾಡುತ್ತಿದ್ದೆ.

ಜನವರಿ ೨೨, ಭಾನುವಾರ

ಅಡುಗೆಯವಳು ನಿನ್ನೆ ನನ್ನ ಕೋಣೆಗೆ ಬಂದು ಮೂಟೆಯ ಮೇಲೆ ಕುಳಿತಳು. ಒರಳಿನ ಹಾಗಿರುವ ಹೆಂಗಸು. ಕೂತಳೆಂದರೆ ನೆಲಕ್ಕೆ ಗೊತ್ತಾಗುತ್ತದೆ. ಒಂದು ಬಟ್ಟಲು ಸಾರು ನನ್ನ ಮುಂದಿಟ್ಟಳು.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಯಾಕವ್ವಾ ಅಷ್ಟು ಸುರಿದೆ? ಜನ ಸಾಯ್ತಿದ್ರಲ್ಲ!"

"ಐದು ಅಂತ ಬಂತು. ಐದು ಹಾಕ್ದೆ."

"ಮೇಷ್ಟ್ರು ದಿನಾ ಐದೇ ಹೇಳ್ತಿದ್ದದ್ದು..."

"ನೀನು ಮೂರು ತೋರಿಸ್ತಿದ್ದೆ. ನಾನು ಎರಡು ಹಾಕ್ತಿದ್ದೆ."

ಬೆಳ್ಳುಳ್ಳಿ ಕೈಯಿಂದ ಜಾರಿತು. "ನಿಂಗೆ ಗೊತ್ತಿತ್ತಾ?"

"ಎರಡು ಕಳೆದು ತೋರಿಸುವಾಗ ನಿನ್ನ ಮುಖ ನೋಡ್ಕೊಂಡಿದೀಯಾ? ಯಾರದೋ ಸಾವಿನ ಸುದ್ದಿ ತಂದೋಳ ಥರ ನಿಂತಿರ್ತೀಯ. ಅದನ್ನ ನೋಡಿ, ಪಾಪ ಅಂತ ನಾನೂ ಒಂದು ತೆಗೀತಿದ್ದೆ."

"ಈಗ್ಯಾಕೆ ತೆಗೀಲಿಲ್ಲ?"

"ಪರದೆಗೆ ಮುಖ ಎಲ್ಲಿದೆ? ಮುಖ ಇಲ್ಲದ್ದಕ್ಕೆ ಯಾಕೆ ಪಾಪ ಅನ್ನಲಿ?"

ಅಂದರೆ, ಆ ದೇಶದ ಮರ್ಯಾದೆ ಕಾಪಾಡುತ್ತಿದ್ದ ಮೇಷ್ಟ್ರು ಇಷ್ಟು ವರ್ಷ ತಿಂದದ್ದು ಎರಡು ಮೆಣಸಿನಕಾಯಿ. ಬ್ಯಾಂಕಿನವರು ಒಂದು. ನಾನು ನಗಲಿಲ್ಲ. ನನ್ನ ಮುಖ ನಿಜವಾಗಿಯೂ ಹಾಗಿದೆಯೇ ಎಂದು ಬಚ್ಚಲಿನ ಕನ್ನಡಿಯಲ್ಲಿ ನೋಡಿಕೊಂಡೆ. ಹಾಗೇ ಇದೆ. ಅದೊಂದು ಹೊಸ ಚಿಂತೆ.

ಜನವರಿ ೨೬, ಗುರುವಾರ

ಬೆಳ್ಳುಳ್ಳಿ.

ಜನವರಿ ೩೦, ಸೋಮವಾರ

ಬಾಗಿಲ ಹೊರಗೆ ಈಗ ಯಾರೂ ಕಾಯುವುದಿಲ್ಲ. ಒಳಗೂ ಅರ್ಧ ಕುರ್ಚಿ ಖಾಲಿ. ಬಂದವರೂ ನಾಲ್ಕು, ಐದನ್ನೇ ಒತ್ತುತ್ತಾರೆ. ಜೊತೆಗೆ ಬಂದವರ ಎದುರು ಒಂದನ್ನು ಒತ್ತಲು ಬೆರಳಿಗೆ ನಾಚಿಕೆ. ಆಮೇಲೆ ತಟ್ಟೆಯಲ್ಲಿ ಅರ್ಧ ಬಿಟ್ಟು, "ಹಸಿವಿರಲಿಲ್ಲ," ಎಂದು ಎದ್ದು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಮೇಷ್ಟ್ರು ಕಾರಣ ಕಂಡುಹಿಡಿದಿದ್ದಾರೆ. ಓರಗಿತ್ತಿಯನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದದ್ದು ನನ್ನ ಕೋಣೆಗೂ ಕೇಳಿಸಿತು. "ಮೊದಲಿಂದು ಅಸಲಿ ಐದು. ಇದು ನಕಲಿ ಐದು. ಆ ದೇಶದಲ್ಲಿ ಖಾರ ಅಂದ್ರೆ ಸಂಗೀತ ಇದ್ದ ಹಾಗೆ. ಇದು ಬರೀ ಗಲಾಟೆ. ನಿಮ್ಮ ಅಡುಗೆಯಾಕೆಗೆ ಊರು ಮರೆತುಹೋಗಿದೆ."

ಆ ದೇಶದಲ್ಲಿ ಹುಟ್ಟಿ ಅಲ್ಲೇ ಸೌಟು ಹಿಡಿದವಳಿಗೆ, ಎರಡು ವಾರ ಇದ್ದು ಬಂದವರು ಊರು ನೆನಪಿಸುತ್ತಿದ್ದಾರೆ.

ಓರಗಿತ್ತಿ ತಲೆಯಾಡಿಸಿದಳು. ಟ್ಯಾಬಿನ ಮೇಲೆ ಅನುಮಾನ ಅವಳ ಹತ್ತಿರವೂ ಸುಳಿಯಲಿಲ್ಲ. ತಾನೇ ತಂದ ಸೊಸೆಯನ್ನು ಯಾವ ಅತ್ತೆ ತಾನೇ ಮೊದಲ ತಿಂಗಳು ಬೈಯುತ್ತಾಳೆ?

ಹೇಳಿಬಿಡೋಣವೇ ಎಂದುಕೊಂಡೆ. ಏನಂತ ಹೇಳಲಿ? 'ಅಕ್ಕಾ, ನಿನ್ನ ಗಿರಾಕಿಗಳಿಗೆಲ್ಲ ಇಷ್ಟು ವರ್ಷ ಸುಳ್ಳು ತಿನ್ನಿಸಿದ್ದು ನಾನು' ಎಂದೇ? ಫೆಬ್ರವರಿ ಮುಗಿಯುವವರೆಗೂ ಕಾಯದೆ ಅವತ್ತೇ ಆರಾಮ ಕೊಟ್ಟುಬಿಡುತ್ತಾಳೆ.

ಫೆಬ್ರವರಿ ೪, ಶನಿವಾರ

ಅಡುಗೆಯವಳ ಕಣ್ಣು ಹೋಗುತ್ತಿದೆ. ಪಾಪ.

ನಿನ್ನೆ ಶ್ಯಾವಿಗೆ ಕೇಳಿದವರಿಗೆ ಮೀನು ಹೋಯಿತು, ಮೀನು ಕೇಳಿದವರಿಗೆ ಬರೀ ಅನ್ನ ಹೋಯಿತು. ಒಬ್ಬರೇ ಬಂದವರಿಗೆ ಆರು ತಟ್ಟೆ ಪಪ್ಪಾಯಿ ಕೋಸಂಬರಿ. ಓರಗಿತ್ತಿ ಕಿರುಚಿಕೊಂಡು ಅಡುಗೆಮನೆಗೆ ಬಂದಳು. ಅಡುಗೆಯವಳು ಕಣ್ಣುಜ್ಜುತ್ತ, "ಪರದೆ ಮೇಲೆ ಆವಿ ಕೂರತ್ತೆ. ಅಕ್ಷರ ಎಲ್ಲಾ ಇರುವೆ ಸಾಲು. ನಂಗೆ ಕಾಣಲ್ಲ," ಎಂದಳು.

"ಒರೆಸ್ಕೊಂಡು ನೋಡೇ!"

"ಒರೆಸ್ತಾ ಕೂತ್ರೆ ಬಾಣಲೇಲಿರೋದು ಹೊತ್ತತ್ತೆ. ಯಾರಾದ್ರೂ ಆಚೆ ನಿಂತು ಓದಿ, ಕಿಂಡೀಲಿ ಹೇಳ್ಲಿ."

"ಯಾರನ್ನ ತರಲಿ ಈಗ?"

"ಬೆಳ್ಳುಳ್ಳಿ ಸುಲಿಯೋಳು ಇದಾಳಲ್ಲ, ದಂಡಕ್ಕೆ."

ದಂಡಕ್ಕೆ ಎಂದಳು! ಅಷ್ಟು ಜನರ ಮುಂದೆ! ಹುಬ್ಬು ಬೇರೆ ಮೇಲೆ. ಅವಳಿಗೆ ಕನಿಕರ ಪಟ್ಟೆನಲ್ಲ ಎಂದು ಸಿಟ್ಟು ಬಂತು. ಆದರೂ ಕಣ್ಣಿನ ವಿಷಯ, ಸುಮ್ಮನಿರಲಾಗದು. ಮಧ್ಯಾಹ್ನ ನನ್ನ ಬಟ್ಟಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಮೀನಿನ ಮುಳ್ಳಿತ್ತು. ಮೂರು ಮಾರು ದೂರದಿಂದ ಕಂಡು ಬಂದು ತೆಗೆದಳು. ಹತ್ತಿರದ್ದು ಕಾಣದೆ ದೂರದ್ದು ಕಾಣುವ ಕಾಯಿಲೆಯಿರಬೇಕು. ಡಾಕ್ಟರಮ್ಮನನ್ನು ಕೇಳಬೇಕು.

ಫೆಬ್ರವರಿ ೮, ಬುಧವಾರ

ಪರದೆಯನ್ನು ಕಿಂಡಿಯ ಹೊರಗೆ ತಿರುಗಿಸಿ ನಿಲ್ಲಿಸಿದ್ದಾರೆ. ನಾನು ಓದಬೇಕು, ಬೆರಳು ತೋರಿಸಬೇಕು. ಹಳೆಯ ಜಾಗವೇ.

ಮೊದಲನೆಯ ಟಿಣ್ ಬಂದಾಗ ಓರಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ಹಸಿರು ಸಾರು, ಐದು ಮೆಣಸಿನಕಾಯಿ, ಕಣ್ಣಿಗೆ ರಾಚುವಂತೆ ಕೆಂಪಗೆ. ನನ್ನ ಬೆರಳು ನಾನು ಹೇಳುವ ಮೊದಲೇ ಮೂರಾಗಿತ್ತು. ಹಾಳು ಬೆರಳು.

"ಐದಲ್ವೇನೇ ಅದು?"

ಬಾಯಿ ತೆರೆದಾಗ ಬಂದದ್ದು ಇದು. "ಅಕ್ಕಾ, ಇದು ಮೂರನೇ ಮೇಜು ಅಂತ. ಖಾರ ಆಮೇಲೆ ಹೇಳೋದು. ನೀನು ಹೀಗೆ ನಡುವೆ ಮಾತಾಡಿದ್ರೆ ಲೆಕ್ಕ ತಪ್ಪತ್ತೆ ನೋಡು."

ಓರಗಿತ್ತಿ, "ಓ," ಎಂದಳು. ಎಂದು ಹೊರಟೇಹೋದಳು!

ಅಡುಗೆಯವಳಿಗೆ ಇದೆಲ್ಲ ಹೇಗೆ ಕೇಳಿಸಿತೋ, ಫ್ಯಾನಿನ ಸದ್ದಿನಲ್ಲಿ. ಬೆನ್ನು ತಿರುಗಿಸಿ ನಿಂತಿದ್ದಳು, ಭುಜ ಕುಣಿಯುತ್ತಿತ್ತು. ಕೆಮ್ಮಿರಬೇಕು.

ಫೆಬ್ರವರಿ ೧೬, ಗುರುವಾರ

ಕೆಲವು ದಿನ ಬರೆಯಲಾಗಲಿಲ್ಲ. ಪುರಸೊತ್ತಿರಲಿಲ್ಲ.

ಜನ ವಾಪಸ್ ಬಂದಿದ್ದಾರೆ. ಮೊದಲು ಬ್ಯಾಂಕಿನವರು, ಆಮೇಲೆ ಹಿಮ ತಿಂದಾಕೆ, ಆಮೇಲೆ ಬೀದಿಗೆ ಬೀದಿಯೇ. ಬಾಗಿಲ ಹೊರಗೆ ಮತ್ತೆ ಕಾಲು ಬದಲಿಸುವವರ ಸಾಲು. ಮೇಷ್ಟ್ರು ಎರಡು ಮೆಣಸಿನಕಾಯಿ ಉಂಡು, "ಈಗ ಸಂಗೀತ ಬಂತು," ಎಂದರು. ಟ್ಯಾಬ್ ಮಾರಿದವನು ಬಂದು ತುಂಬಿದ ಹಾಲಿನ ಫೋಟೊ ಹೊಡೆದುಕೊಂಡು ಹೋದ. ಬೇರೆ ಹೋಟೆಲಿನವರಿಗೆ ತೋರಿಸುತ್ತಾನಂತೆ.

ಆದರೆ ಓರಗಿತ್ತಿಯ ಬುದ್ಧಿಯೇ ಬುದ್ಧಿ. "ನೋಡಿದ್ಯಾ, ಟ್ಯಾಬ್ ಗೆದ್ದಿತು!" ಎಂದಳು. "ಅಡುಗೆಯವಳಿಗೆ ಕನ್ನಡಕ ಮಾಡಿಸ್ತೀನಿ, ಪರದೆ ಒಳಗಿಡೋಣ. ನೀನು ಒಂದನೇ ತಾರೀಖಿಂದ ಆರಾಮಾಗಿರು."

ನಾನು ನಿಂತರೆ ಟ್ಯಾಬ್ ಗೆಲ್ಲುತ್ತದೆ. ಟ್ಯಾಬ್ ಗೆದ್ದರೆ ನಾನು ನಿಲ್ಲುವಂತಿಲ್ಲ. ಇಂಥ ಲೆಕ್ಕ ಆರನೇ ಕ್ಲಾಸಿನ ಮೇಲೆ ಕಲಿಸುತ್ತಾರೇನೋ.

ಫೆಬ್ರವರಿ ೧೯, ಭಾನುವಾರ

ನಿನ್ನೆ ಕನ್ನಡಕ ಬಂತು. ಅಡುಗೆಯವಳು ಹಾಕಿಕೊಂಡು, ಬಾಣಲೆಯ ಮೇಲೆ ಬಗ್ಗಿ, ಗಾಜಿಗೆ ಆವಿ ಹಿಡಿಸಿಕೊಂಡು, "ಈಗ ಇರುವೆನೂ ಕಾಣಲ್ಲ," ಎಂದಳು. ಓರಗಿತ್ತಿ ಮೇಷ್ಟ್ರ ಕಡೆ ನೋಡಿದಳು. ಈಚೆಗೆ ಉಪ್ಪಿನ ಡಬ್ಬಿ ಎಲ್ಲಿಡಬೇಕೆಂಬುದಕ್ಕೂ ಅವರನ್ನೇ ಕೇಳುತ್ತಾಳೆ.

ಮೇಷ್ಟ್ರು ಕುರ್ಚಿಯಿಂದಲೇ ತೀರ್ಪು ಕೊಟ್ಟರು. "ಯಾವುದಾದ್ರೂ ಕಾಣೋ ಅಡುಗೆಯವಳನ್ನ ನೋಡಿ. ಮತ್ತೆ ಈಯಮ್ಮ ಯಾಕೆ ನಡುವೆ, ಬೇಲಿ ಥರ? ಅಸಲಿ ರುಚಿಗೂ ನಾಲಿಗೆಗೂ ಮಧ್ಯೆ ಯಾರೂ ಇರಬಾರದು. ಅದರಲ್ಲೂ ಇಂಥ ಮುಖ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅವರ ಮೇಜಿನಿಂದ ಟಿಣ್ ಬಂತು. ಹಸಿರು ಸಾರು. ಐದು.

ನಾನು ಕಿಂಡಿಗೆ ತಿರುಗಿದೆ. ಯಾರೂ ನಡುವೆ ಇರಬಾರದು ಎಂದರಲ್ಲ, ಸರಿ. ಅಂಗೈ ಪೂರ್ತಿ ಬಿಡಿಸಿ ಹಿಡಿದೆ. ಐದೂ ಬೆರಳು. ಅಡುಗೆಯವಳು ಬೆರಳು ನೋಡಲೇ ಇಲ್ಲ, ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ ಗೊತ್ತಿಲ್ಲ. ಆ ಹುಬ್ಬು ಮೊದಲ ಸಲ ಇಳಿಯಿತು. ಕನ್ನಡಕ ತೆಗೆದಿಟ್ಟು, ಒರಳಿಗೆ ಕೈ ಹಾಕಿದಳು.

ಮೇಷ್ಟ್ರು ಮೊದಲ ತುತ್ತು ನುಂಗಿದರು. ಎರಡನೆಯದು ನುಂಗಲಾರದೆ ನುಂಗಿದರು. ಆಮೇಲೆ ಬಿಕ್ಕಳಿಕೆ. ಅನ್ನದ ಬೋಗುಣಿ ಖಾಲಿ, ನೀರಿನ ಹೂಜಿ ಖಾಲಿ, ಹೂದಾನಿಯ ಕಡೆಗೂ ಕಣ್ಣು ಹೋಯಿತು. ಇಡೀ ಹಾಲು ಅವರನ್ನೇ ನೋಡುತ್ತಿತ್ತು.

"ಹೇಗಿದೆ ಮೇಷ್ಟ್ರೇ?" ಎಂದಳು ಓರಗಿತ್ತಿ.

ಮೂಗೊರೆಸಿಕೊಂಡು, ಉಸಿರು ಹುಡುಕಿಕೊಂಡು ಹೇಳಿದರು, "ಇವತ್ತು ಯಾಕೋ... ಸ್ವಲ್ಪ ಸಪ್ಪೆ."

ನಾನು ಹೂಜಿ ಹಿಡಿದು ಅವರ ಮೇಜಿಗೆ ಹೋದೆ. ಬಗ್ಗಿ, ಅವರಿಗೆ ಮಾತ್ರ ಕೇಳುವಂತೆ ಅಂದೆ, "ಹಾಗಿದ್ರೆ ಇನ್ನೊಂದು ತಟ್ಟೆ ಹೇಳ್ತೀನಿ. ಎರಡೂ ಕೈ ತೋರಿಸ್ತೀನಿ."

ನನ್ನ ಮಣಿಕಟ್ಟು ಹಿಡಿದುಕೊಂಡರು. "ಬೇಡ ತಾಯಿ. ಮೊದಲಿನ ಐದು ಕೊಡು."

"ಅದು ಪರದೆಗೆ ಗೊತ್ತಿಲ್ಲ ಮೇಷ್ಟ್ರೇ. ನಂಗೊಬ್ಬಳಿಗೇ ಗೊತ್ತು. ಒಂದನೇ ತಾರೀಖಿಂದ ನಾನಿರಲ್ಲ."

ಅವರ ಒದ್ದೆ ಕಣ್ಣುಗಳಲ್ಲಿ ಲೆಕ್ಕ ಓಡುವುದು ಕಾಣುತ್ತಿತ್ತು. ಹೂಜಿ ಅವರಿಂದ ಸ್ವಲ್ಪ ದೂರ ಹಿಡಿದಿದ್ದೆ. ಬೇಕೆಂದೇ ಏನಲ್ಲ.

ಮೇಷ್ಟ್ರು ಎದ್ದು ನಿಂತರು. ಎಲ್ಲರಿಗೂ ಕೇಳುವಂತೆ, ಬಿಕ್ಕಳಿಕೆಯ ನಡುವೆ ಹೇಳಿದರು. "ಯಜಮಾನ್ತಿಯವರೇ, ಈಗ ನೆನಪಾಯ್ತು. ಆ ದೇಶದಲ್ಲಿ ಅಸಲಿ ಹೋಟೆಲು ಅಂದ್ರೆ ಕಿಂಡಿಗೊಬ್ಬಳು ಹೆಂಗಸು ಇದ್ದೇ ಇರ್ತಾಳೆ. ಬೆರಳಲ್ಲೇ ಹೇಳೋದು. ನೂರಾರು ವರ್ಷದ ಪದ್ಧತಿ. ಇವರನ್ನ ತೆಗೆದ್ರೆ ನಿಮ್ಮ ಹೋಟೆಲು ಬರೀ ಕ್ಯಾಂಟೀನು. ಆ ಅಡುಗೆಯಾಕೆನೂ ಇರ್ಲಿ. ಕಣ್ಣು ಕಾಣದವರ ಕೈರುಚಿಯೇ ಬೇರೆ."

ನಾನು ಹೂಜಿ ಕೆಳಗಿಟ್ಟೆ.

ಓರಗಿತ್ತಿ ಬಾಯಿ ಬಿಟ್ಟುಕೊಂಡು, "ಹೌದೇನೇ?" ಎಂದು ಕಿಂಡಿಯ ಒಳಗೆ ಕೇಳಿದಳು.

"ನಮ್ಮಜ್ಜಿ ಕಾಲದಿಂದ," ಎಂದಳು ಅಡುಗೆಯವಳು.

ಫೆಬ್ರವರಿ ೨೭, ಸೋಮವಾರ

ಓರಗಿತ್ತಿ ಬಾಗಿಲಿಗೆ ಹೊಸ ಫಲಕ ಹಾಕಿಸಿದ್ದಾಳೆ. 'ಪುರಾತನ ಬೆರಳು ಪದ್ಧತಿಯಲ್ಲಿ ಅಸಲಿ ಖಾರ.' ಮಾರ್ಚಿನಿಂದ ನಾನು ರೇಷ್ಮೆ ಅಂಗಿ ತೊಡಬೇಕಂತೆ. ಟ್ಯಾಬ್‌ಗಳೂ ಇವೆ, ಟಿಣ್ ಎನ್ನುತ್ತಿರುತ್ತವೆ. ಕೆಲವರು ನನ್ನ ವಿಡಿಯೊ ಮಾಡುತ್ತಾರೆ. ಅವರಿಗೆ ಕಾಣುವುದು ನನ್ನ ಬೆನ್ನು ಮಾತ್ರ, ಅದೇ ಪುಣ್ಯ. ಮೇಷ್ಟ್ರು ಪಕ್ಕದವರಿಗೆ ಪದ್ಧತಿಯ ಇತಿಹಾಸ ಹೇಳುತ್ತ ತಮ್ಮ ಎರಡು ಮೆಣಸಿನಕಾಯಿ ಉಣ್ಣುತ್ತಾರೆ. ದಿನದಿಂದ ದಿನಕ್ಕೆ ಇತಿಹಾಸ ಉದ್ದವಾಗುತ್ತಿದೆ.

ಬ್ಯಾಂಕಿನವನೊಬ್ಬ ನಿನ್ನೆ, "ಬೇಗ ಆಗಲಿ," ಎಂದು ಚಿಟಿಕೆ ಹೊಡೆದು ಕರೆದ. ನಾಲ್ಕು ಒತ್ತಿದ್ದ. ನಾಲ್ಕೇ ತೋರಿಸಿದೆ. ನೀರು ಸ್ವಲ್ಪ ತಡವಾಗಿ ಕಳಿಸಿದೆ.

ನನ್ನ ಏಪ್ರನ್ನಿನ ದಾರ ಕಿತ್ತುಹೋಗಿತ್ತು. ಅಡುಗೆಯವಳು ಮಬ್ಬು ಬೆಳಕಿನಲ್ಲಿ ಒಂದೇ ಸಲಕ್ಕೆ ಸೂಜಿ ಪೋಣಿಸಿ ಹೊಲಿದುಕೊಟ್ಟಳು. ಪಾಪ, ಆ ಕಣ್ಣಿನಲ್ಲಿ. ಡಾಕ್ಟರಮ್ಮನನ್ನು ಕೇಳಬೇಕೆಂದಿದ್ದೆ, ಮರೆತೇಹೋಯಿತು. ಈಚೆಗೆ ಮರೆವು ಜಾಸ್ತಿ.

ನಮ್ಮವರು ಲಾರಿಗೆ ಹೊರಡುತ್ತ ಬಾಗಿಲಲ್ಲಿ ನಿಂತು ಕೇಳಿದರು, "ಗ್ಯಾಸ್ ಆಫ್ ಮಾಡಿದ್ಯೇನೇ?"

"ಇರತ್ತೆ ಬಿಡ್ರೀ," ಎಂದೆ.

ಅವರು ಬೂಟು ಬಿಚ್ಚಿ, ಒಳಗೆ ಹೋಗಿ, ತಾವೇ ನೋಡಿ ಬಂದರು.